ಶನಿವಾರದ ಬೆಚ್ಚನೆ ನೀರಿಗೆ ಬುಧವಾರವೇ ಹೀಟರ್ ಹಾಕಿ

ಪ್ರಶ್ನೆ: ನಮಸ್ಕಾರ ಸರ್. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಕಾಫಿ ತೋಟ, ಅಲ್ಲೇ ಹೋಮ್‌ಸ್ಟೇ. 26 ಅಡಿ ಉದ್ದ, 13 ಅಡಿ ಅಗಲ, 4 ಅಡಿ ಆಳದ ಸ್ವಿಮ್ಮಿಂಗ್ ಪೂಲ್ ಇದೆ. ಡಿಸೆಂಬರ್‌ನಲ್ಲಿ ನೀರಿಗೆ ಕಾಲಿಟ್ಟರೆ ಮರಗಟ್ಟುತ್ತದೆ. ಅದಕ್ಕೇ 12 ಕಿಲೋವ್ಯಾಟ್‌ನ ಹೀಟ್ ಪಂಪ್ ಹಾಕಿಸಿದೆವು. ಫಿಟ್ ಮಾಡಿದವರು ಆನ್ ಮಾಡಿ ತೋರಿಸಿ ಹೋದರು. ಶನಿವಾರ ಬೆಳಿಗ್ಗೆ 6ಕ್ಕೆ ಹಾಕಿ 40 ಡಿಗ್ರಿಗೆ ಇಟ್ಟೆ. ಪೂಲ್‌ಗೆ ಬೀಳುವ ನೀರಿಗೆ ಕೈ ಹಿಡಿದರೆ ಬಿಸಿಯೇ ಇಲ್ಲ. 10 ಗಂಟೆಗೆ ಮೆಷಿನ್ ಫ್ಲೋ ಎರರ್ ತೋರಿಸಿ ನಿಂತುಹೋಯಿತು. ಕೆಳಗೆ ನೀರು ಬೇರೆ ಸೋರುತ್ತಿದೆ. ಗೆಸ್ಟ್‌ಗಳ ಮುಂದೆ ಮುಖ ತೋರಿಸೋಕಾಗಲಿಲ್ಲ. ಮೆಷಿನ್ ವಾಪಸ್ ಕೊಡಲೇ?

ಉತ್ತರ: ನಮಸ್ಕಾರ. ದಯವಿಟ್ಟು ವಾಪಸ್ ಕೊಡಬೇಡಿ. ನೀವು ಬರೆದಿರುವುದರಲ್ಲಿ ಮೆಷಿನ್ ಕೆಟ್ಟಿದೆ ಅನ್ನುವಂಥದ್ದು ಒಂದೂ ಕಾಣುತ್ತಿಲ್ಲ. ಆನ್ ಮಾಡಿ ತೋರಿಸಿದವರು ಇನ್ನೊಂದು ಅರ್ಧ ಗಂಟೆ ಕೂತು ಹೇಳಿಕೊಟ್ಟಿದ್ದರೆ ನಿಮಗೆ ಈ ಪಾಡು ಬರುತ್ತಿರಲಿಲ್ಲ.

ಮೊದಲು 40 ಡಿಗ್ರಿ ವಿಷಯ. ನಂಬರ್ ಜಾಸ್ತಿ ಇಟ್ಟರೆ ನೀರು ಬೇಗ ಕಾಯುವುದಿಲ್ಲ. 28ಕ್ಕೆ ಇಟ್ಟರೂ 40ಕ್ಕೆ ಇಟ್ಟರೂ ಮೆಷಿನ್ ಕೊಡುವ ಶಾಖ ಅಷ್ಟೇ. ಎಲ್ಲಿಗೆ ಬಂದಾಗ ನಿಲ್ಲಬೇಕು ಅಂತ ಮಾತ್ರ ಆ ನಂಬರ್ ಹೇಳುತ್ತದೆ. 28 ಅಥವಾ 29 ಸಾಕು. ಈಜು ಸ್ಪರ್ಧೆಯ ಪೂಲ್‌ಗಳಲ್ಲೇ 25ರಿಂದ 28 ಡಿಗ್ರಿ ಇರುತ್ತದೆ. ನೀರು ಅದಕ್ಕಿಂತ ಬಿಸಿಯಾದಷ್ಟೂ ಕ್ಲೋರಿನ್ ಬೇಗ ಖರ್ಚಾಗುತ್ತದೆ, ಪಾಚಿಯೂ ಬೇಗ ಹಿಡಿಯುತ್ತದೆ.

ಈಗ ಲೆಕ್ಕ. ನಿಮ್ಮ ಪೂಲ್‌ನಲ್ಲಿ ಸುಮಾರು 38,000 ಲೀಟರ್ ನೀರಿದೆ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸೋಕೆ 1.16 ಯೂನಿಟ್ ಶಾಖ ಬೇಕು. 20 ಡಿಗ್ರಿಯಿಂದ 28ಕ್ಕೆ ತರಬೇಕೆಂದರೆ ಹತ್ತಿರ ಹತ್ತಿರ 355 ಯೂನಿಟ್. ಮೆಷಿನ್ ಮೇಲೆ 12 ಕಿಲೋವ್ಯಾಟ್ ಅಂತ ಬರೆದಿರುವುದು ಬೆಚ್ಚಗಿನ ಗಾಳಿಯ ಲೆಕ್ಕದಲ್ಲಿ. ನಮ್ಮ ಕಡೆಯ ಡಿಸೆಂಬರ್ ಚಳಿಗೆ 9–10 ಅಂದುಕೊಳ್ಳಿ, ಅಂದರೆ ಗಂಟೆಗೆ 9–10 ಯೂನಿಟ್ ಶಾಖ. ನಿಲ್ಲಿಸದೆ ಓಡಿಸಿದರೂ 36ರಿಂದ 40 ಗಂಟೆ. ರಾತ್ರಿ ಆರಿಹೋಗುವ ಶಾಖವನ್ನೂ ಸೇರಿಸಿದರೆ ಎರಡು ದಿನ ದಾಟುತ್ತದೆ. ಶನಿವಾರ ಬೆಳಿಗ್ಗೆ ಹಾಕಿ ಮಧ್ಯಾಹ್ನಕ್ಕೆ ಬಿಸಿ ಬರಲಿ ಅಂದರೆ ಯಾವ ಮೆಷಿನ್ ತಾನೇ ಏನು ಮಾಡೀತು? ಬುಧವಾರ ಬೆಳಿಗ್ಗೆ ಹಾಕಿ. ಮೊದಲ ಸಲ ರಾತ್ರಿಯೂ ಬಿಡಿ. ಶುಕ್ರವಾರ ಸಂಜೆಗೆ ನೀರು ತಯಾರಾಗಿರುತ್ತದೆ.

355 ಯೂನಿಟ್ ಅಂದಾಗ ಬಿಲ್ ನೆನೆದು ಗಾಬರಿಯಾಗಬೇಡಿ. ಹೀಟ್ ಪಂಪ್, ಬಕೆಟ್‌ಗೆ ಹಾಕುವ ಕಾಯಿಲ್ ಥರ, ಕರೆಂಟನ್ನೇ ಶಾಖ ಮಾಡುವುದಿಲ್ಲ. ಫ್ರಿಜ್ ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದಲ್ಲ, ಹಾಗೇ ಇದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ಹಾಕುತ್ತದೆ. ನಾಲ್ಕು ಯೂನಿಟ್ ಶಾಖಕ್ಕೆ ಸುಮಾರು ಒಂದು ಯೂನಿಟ್ ಕರೆಂಟ್.

ಬೀಳುವ ನೀರಿಗೆ ಕೈ ಹಿಡಿದು ನೋಡಿದೆ ಅಂದಿರಿ. ಎಲ್ಲರೂ ಅದನ್ನೇ ಮಾಡುತ್ತಾರೆ. ಗೀಸರಿನ ನಲ್ಲಿ ತಿರುಗಿಸಿದ ಹಾಗೆ ಬಿಸಿನೀರು ಬರುತ್ತದೆ ಅಂತ ಕಾಯುತ್ತಾರೆ. ಆದರೆ ಇದರೊಳಗೆ ಗಂಟೆಗೆ ಐದಾರು ಸಾವಿರ ಲೀಟರ್ ನೀರು ಹರಿಯುತ್ತದೆ. ಒಂದು ಸುತ್ತಿಗೆ ಏರುವುದು ಒಂದರಿಂದ ಎರಡು ಡಿಗ್ರಿ ಮಾತ್ರ, ಅದು ಕೈಗೆ ಗೊತ್ತಾಗುವುದಿಲ್ಲ. ಡಿಸ್‌ಪ್ಲೇಯಲ್ಲಿ ಒಳಗೆ ಬರುವ ನೀರು, ಹೊರಗೆ ಹೋಗುವ ನೀರು ಎರಡರ ತಾಪವನ್ನೂ ಬೇರೆ ಬೇರೆ ನೋಡಬಹುದು. ಇನ್ನೊಂದು ಸುಲಭದ ಪರೀಕ್ಷೆ ಇದೆ. ಫ್ಯಾನ್ ಮುಂದೆ ಅಂಗೈ ಹಿಡಿಯಿರಿ. ಹೊರಗಿನ ಗಾಳಿಗಿಂತ ಚಳಿ ಗಾಳಿ ಕೈಗೆ ಹೊಡೆದರೆ ಮೆಷಿನ್ ಸರಿಯಾಗಿ ಕೆಲಸ ಮಾಡುತ್ತಿದೆ. ಆ ಗಾಳಿಯ ಶಾಖ ನಿಮ್ಮ ನೀರಿಗೆ ಹೋಯಿತು ಅಂತಲೇ ಅರ್ಥ.

10 ಗಂಟೆಗೆ ನಿಂತಿದ್ದು ಯಾಕೆ? ನಿಮ್ಮ ಫಿಲ್ಟರ್ ಪಂಪಿನ ಟೈಮರ್ ನೋಡಿ. ಬೆಳಿಗ್ಗೆ 6ರಿಂದ 10ಕ್ಕೆ ಇಟ್ಟಿರಬೇಕು. ಪಂಪ್ ನಿಂತರೆ ನೀರಿನ ಹರಿವಿಲ್ಲ. ಹರಿವಿಲ್ಲದಿದ್ದರೆ ಹೀಟರ್ ಓಡಬಾರದು, ಅದಕ್ಕೇ ಒಳಗಿನ ಫ್ಲೋ ಸ್ವಿಚ್ ನಿಲ್ಲಿಸಿತು. ಅದು ಮೆಷಿನ್ ತನ್ನನ್ನು ಕಾಪಾಡಿಕೊಂಡ ಬಗೆ. ಆ ಸ್ವಿಚ್ಚನ್ನು ಬೈಪಾಸ್ ಮಾಡಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಖಂಡಿತ ಬಿಡಬೇಡಿ. ಬೆಳಗಿನ ಹೊತ್ತು ಗಾಳಿ ಕೊರೆಯುತ್ತಿರುತ್ತದೆ, ಹೀಟ್ ಪಂಪಿಗೆ ಅದು ಕಷ್ಟದ ಹೊತ್ತು. ಮೊದಲ ಸಲ ನೀರು ಕಾದ ಮೇಲೆ ಪಂಪನ್ನೂ ಹೀಟರನ್ನೂ ಒಟ್ಟಿಗೆ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆಗೆ ಇಡಿ.

ಟೈಮರ್ ಬಗ್ಗೆ ಇನ್ನೊಂದು ಮಾತು. ಸುತ್ತ ಸಣ್ಣ ಸಣ್ಣ ಪಿನ್ ಇರುವ ತಿರುಗುವ ಟೈಮರ್ ಆಗಿದ್ದು, ಒಳಗೆ ಬ್ಯಾಟರಿ ಇಲ್ಲದಿದ್ದರೆ, ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ. ಮೂರು ಗಂಟೆ ಕರೆಂಟ್ ಹೋದರೆ ಗಡಿಯಾರ ಮೂರು ಗಂಟೆ ಹಿಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಗಲು ಓಡಬೇಕಾದ ಪಂಪ್ ನಡುರಾತ್ರಿ ಓಡುತ್ತಿರುವುದನ್ನು ನಾನು ಎಷ್ಟೋ ತೋಟಗಳಲ್ಲಿ ನೋಡಿದ್ದೇನೆ. ವಾರಕ್ಕೊಮ್ಮೆ ಮೊಬೈಲ್ ನೋಡಿ ಸರಿ ಮಾಡಿ. ಬ್ಯಾಟರಿ ಇರುವ ಟೈಮರ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಬುಧವಾರ ಆನ್ ಮಾಡುವಾಗ ಹೀಗೆ ಮಾಡಿ. ಪೂಲ್ ನೀರು ಸ್ಕಿಮ್ಮರ್ (ತೇಲುವ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಯ ಅರ್ಧಕ್ಕಿರಲಿ. ಅದರ ಬುಟ್ಟಿಯಲ್ಲಿರುವ ಸಿಲ್ವರ್ ಓಕ್ ಎಲೆ ತೆಗೆಯಿರಿ, ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ಬ್ಯಾಕ್‌ವಾಶ್ ಮಾಡಿ. ಹೀಟರ್‌ಗೆ ಹೋಗುವ ವಾಲ್ವ್, ಬರುವ ವಾಲ್ವ್ ಎರಡೂ ಪೂರ್ತಿ ತೆರೆದು, ನಡುವೆ ಇರುವ, ನೀರನ್ನು ಹೀಟರ್‌ಗೆ ಬಿಡದೆ ನೇರ ದಾಟಿಸುವ ಬೈಪಾಸ್ ವಾಲ್ವ್ ಅರ್ಧ ಮುಚ್ಚಿ. ಮೊದಲು ಪಂಪ್, ಆಮೇಲೆ ಹೀಟರ್. ಮೋಡ್‌ನಲ್ಲಿ ಸೂರ್ಯನ ಗುರುತು ಬರಬೇಕು. ಹಿಮದ ಹೂವಿನ ಗುರುತಿದ್ದರೆ ಅದು ನೀರನ್ನು ತಣ್ಣಗೆ ಮಾಡುವ ಮೋಡ್. ನಿಮ್ಮದು ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಇನ್ವರ್ಟರ್ ಮೆಷಿನ್ ಆದರೆ ‘ಸೈಲೆಂಟ್’ನಲ್ಲಿ ಇದೆಯಾ ನೋಡಿ. ಅದರಲ್ಲಿ ಸದ್ದಿನ ಜೊತೆ ಶಾಖವೂ ಕಡಿಮೆ, ಹಾಗಾಗಿ ಮೊದಲ ಸಲ ಕಾಯಿಸುವಾಗ ಬೇಡ. ಗುಂಡಿ ಒತ್ತಿದ ಮೇಲೆ ಮೂರು ನಿಮಿಷ ಏನೂ ಆಗದಿರಬಹುದು. ಕಂಪ್ರೆಸರ್ ಉಳಿಯಲಿ ಅಂತಲೇ ಆ ತಡ ಇಟ್ಟಿರುತ್ತಾರೆ. ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ. ಕಾಲು ಗಂಟೆ ಬಿಟ್ಟು ಒಳಗೆ ಬರುವ, ಹೊರಗೆ ಹೋಗುವ ನೀರಿನ ತಾಪ ನೋಡಿ. ವ್ಯತ್ಯಾಸ ಎರಡು ಡಿಗ್ರಿಗಿಂತ ಜಾಸ್ತಿ ಇದ್ದರೆ ನೀರು ಸಾಲುತ್ತಿಲ್ಲ ಅಂತ, ಬೈಪಾಸ್ ಇನ್ನಷ್ಟು ಮುಚ್ಚಿ. ಒಂದಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ ತೆರೆಯಿರಿ.

ಕೆಳಗೆ ಸೋರುವ ನೀರು ಬಹುಶಃ ಪೂಲ್ ನೀರಲ್ಲ. ತಣ್ಣನೆ ಲೋಟದ ಮೇಲೆ ಹನಿ ಕಟ್ಟುವ ಹಾಗೆ ಗಾಳಿಯ ತೇವ ಒಳಗಿನ ತಗಡಿನ ಮೇಲೆ ಕಟ್ಟಿ ಇಳಿಯುತ್ತದೆ. ಒಂದು ಲೋಟದಲ್ಲಿ ಆ ನೀರು ಹಿಡಿದು, ನಿಮ್ಮ ಕ್ಲೋರಿನ್ ಕಿಟ್‌ನ ಹಳದಿ ಬಣ್ಣ ಬರುವ ಹನಿ ಹಾಕಿ. ಬಣ್ಣ ಬರದಿದ್ದರೆ ಗಾಳಿಯ ನೀರು, ನಿಶ್ಚಿಂತೆಯಾಗಿರಿ. ಹಳದಿ ಬಂದರೆ ಪೈಪ್ ಸೋರುತ್ತಿದೆ, ಫಿಟ್ ಮಾಡಿದವರನ್ನು ಕರೆಸಿ.

ಮೆಷಿನ್ ಎಲ್ಲಿಟ್ಟಿದ್ದಾರೆ ಅಂತ ನೀವು ಬರೆದಿಲ್ಲ. ಹೋದ ವರ್ಷ ಒಂದು ತೋಟದಲ್ಲಿ ಚಂದ ಕಾಣಲಿ ಅಂತ ಪಂಪ್ ಶೆಡ್ ಒಳಗೇ ಇಟ್ಟಿದ್ದರು. ಒಳಗೆ ಹೋದರೆ ಹೊರಗಿಗಿಂತ ಚಳಿ. ಬಿಟ್ಟ ತಣ್ಣನೆ ಗಾಳಿಯನ್ನೇ ಮೆಷಿನ್ ಮತ್ತೆ ಎಳೆದುಕೊಳ್ಳುತ್ತಿತ್ತು. ಎದುರಿನ ಎರಡು ಶೀಟ್ ಬಿಚ್ಚಿಸಿದೆವು, ಮೂರನೇ ದಿನಕ್ಕೆ ನೀರು 28ಕ್ಕೆ ಬಂತು.

ಎಲ್ಲಕ್ಕಿಂತ ದೊಡ್ಡ ವಿಷಯ ಈಗ ಹೇಳುತ್ತೇನೆ, ಇದನ್ನು ಮರೆಯಬೇಡಿ. ಪೂಲ್‌ಗೆ ಹೊದಿಕೆ ಬೇಕೇ ಬೇಕು. ನೀರಿನ ಶಾಖ ಜಾಸ್ತಿ ಹೋಗುವುದು ಮೇಲಿನಿಂದ, ಆವಿಯಾಗಿ. ಒಂದು ಲೀಟರ್ ನೀರು ಆವಿಯಾದರೆ ಮುಕ್ಕಾಲು ಯೂನಿಟ್‌ಗೆ ಹತ್ತಿರದ ಶಾಖ ಅದರ ಜೊತೆ ಹೋಗುತ್ತದೆ. ನಿಮ್ಮ ಪೂಲ್‌ನಲ್ಲಿ 4 ಮಿಲಿಮೀಟರ್ ನೀರು ಇಳಿದರೆ ಅದು 125 ಲೀಟರ್, ಅಂದರೆ 85 ಯೂನಿಟ್ ಶಾಖ. ಮೆಷಿನ್ ಹಗಲಿಡೀ ದುಡಿದಿದ್ದು ಅಷ್ಟೇ! ಬೆಳಗಿನ ಜಾವ ಪೂಲ್ ಮೇಲೆ ಹೊಗೆಯ ಹಾಗೆ ಏಳುತ್ತದಲ್ಲ, ಗೆಸ್ಟ್‌ಗಳು ಫೋಟೊ ತೆಗೆಯುತ್ತಾರಲ್ಲ, ಅದು ನಿಮ್ಮ ಕರೆಂಟ್ ಬಿಲ್. ಕಣದಲ್ಲಿ ಹರವಿದ ಕಾಫಿಗೆ ಇಬ್ಬನಿ ಬೀಳಬಾರದು ಅಂತ ಸಂಜೆ ಟಾರ್ಪಾಲ್ ಹೊದಿಸುತ್ತೀರಿ ಅಲ್ವಾ? ಅದೇ ಹೊತ್ತಿಗೆ, ಅದೇ ಆಳುಗಳ ಕೈಯಲ್ಲಿ ಪೂಲ್‌ಗೂ ಹೊದಿಸಿ. ಗುಳ್ಳೆ ಗುಳ್ಳೆ ಇರುವ ಬಬಲ್ ಶೀಟ್ ಸಿಗುತ್ತದೆ, ಗುಳ್ಳೆಯ ಮುಖ ನೀರಿಗೆ ತಾಗಬೇಕು. ನೀರಿಗಿಳಿಯುವ ಮುಂಚೆ ಪೂರ್ತಿ ತೆಗೆಯಬೇಕು. ಅರ್ಧ ಹೊದಿಕೆ ಇರುವ ಪೂಲ್‌ಗೆ ಮಕ್ಕಳನ್ನು ಬಿಡಲೇಬೇಡಿ, ಅದರ ಕೆಳಗೆ ಸಿಕ್ಕಿಕೊಂಡರೆ ಕಾಣುವುದಿಲ್ಲ.

ವಾರದ ನಡುವೆ ಗೆಸ್ಟ್ ಇಲ್ಲದಿದ್ದರೆ ಸೋಮವಾರ 25ಕ್ಕೆ ಇಳಿಸಿ, ಗುರುವಾರ ಬೆಳಿಗ್ಗೆ ಮತ್ತೆ 28. ಪೂರ್ತಿ ಆಫ್ ಮಾಡಿದರೆ ಪುನಃ ಮೊದಲಿಂದ ಎರಡು ದಿನ ಕಾಯಬೇಕು. ನೀರಿನ ಪಿಎಚ್ (ಆಮ್ಲ–ಕ್ಷಾರದ ಅಳತೆ) 7.2ರಿಂದ 7.6ರೊಳಗೆ ಇರಲಿ. ಕ್ಲೋರಿನ್ ಮಾತ್ರೆಯನ್ನು ಸ್ಕಿಮ್ಮರ್ ಬುಟ್ಟಿಯಲ್ಲಿ ಹಾಕಬೇಡಿ, ಪಂಪ್ ನಿಂತಾಗ ಮಾತ್ರೆ ಕರಗಿದ ಗಾಢ ಕ್ಲೋರಿನ್ ನೀರು ನಿಂತು ಹೀಟರ್ ಒಳಗಿನ ಭಾಗಗಳನ್ನು ತಿನ್ನುತ್ತದೆ.

ಪ್ರಶ್ನೆ: ಹಾಸನದಲ್ಲಿ ನಮ್ಮ ಮನೆ ತಾರಸಿ ಮೇಲೆ ಮೊಮ್ಮಗಳಿಗೆ 500 ಲೀಟರ್‌ನ ಗಾಳಿ ತುಂಬುವ ಪೂಲ್ ಇಟ್ಟಿದ್ದೇವೆ. ನೀರು ತುಂಬಾ ತಣ್ಣಗಿರುತ್ತದೆ. ಬಕೆಟ್‌ಗೆ ಹಾಕುವ ಕಾಯಿಲ್ ಅದಕ್ಕೆ ಹಾಕಬಹುದಾ?

ಉತ್ತರ: ಬೇಡ ಅಮ್ಮ, ಖಂಡಿತ ಬೇಡ. ಮಗು ನೀರಲ್ಲಿ ಇಲ್ಲದಾಗಲೂ ಬೇಡ. ಕಾಯಿಲ್ ಪ್ಲಾಸ್ಟಿಕ್‌ಗೆ ತಾಗಿದರೆ ಕರಗುತ್ತದೆ. ಅದರ ಕವಚ ಎಲ್ಲಾದರೂ ಸೀಳಿದ್ದರೆ ನೀರಿಗೆ ಕರೆಂಟ್ ಬರುತ್ತದೆ. ಸ್ವಿಚ್ ಆಫ್ ಮಾಡಿದ್ದೇನೆ ಅಂತ ನಂಬಿ ಕೈ ಇಟ್ಟವರಿಗೇ ಶಾಕ್ ಹೊಡೆದಿರುವುದುಂಟು.

ನಿಮ್ಮ ಸೋಲಾರ್ ಅಥವಾ ಗೀಸರ್ ನೀರು ಸಾಕು. 20 ಡಿಗ್ರಿಯ 350 ಲೀಟರ್ ತಣ್ಣೀರಿಗೆ 60 ಡಿಗ್ರಿಯ 150 ಲೀಟರ್ ಬಿಸಿನೀರು ಬೆರೆಸಿದರೆ 32 ಡಿಗ್ರಿಗೆ ಬರುತ್ತದೆ, ಮಗುವಿಗೆ ಹಿತವಾಗಿರುತ್ತದೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಚೆನ್ನಾಗಿ ಕಲಕಿ, ನಿಮ್ಮ ಮೊಣಕೈ ಅದ್ದಿ ನೋಡಿ, ಆಮೇಲೆ ಮಗುವನ್ನು ಇಳಿಸಿ. ಮಗು ಒಳಗಿರುವಾಗ ಬಿಸಿನೀರು ಸುರಿಯಬೇಡಿ. ಬೆಳಿಗ್ಗೆಯೇ ಅರ್ಧ ತುಂಬಿಸಿ ಬಿಸಿಲಿಗೆ ಬಿಟ್ಟರೆ ಬಿಸಿನೀರು ಇನ್ನೂ ಕಡಿಮೆ ಸಾಕಾಗುತ್ತದೆ. ಆಟ ಮುಗಿದ ಮೇಲೆ ನೀರನ್ನು ಅವತ್ತೇ ಗಿಡಗಳಿಗೆ ಬಿಟ್ಟುಬಿಡಿ.