ಕ್ಯಾಬಿನ್ ಒತ್ತಡ ಇಳಿಯುತ್ತಿದ್ದರೆ ಮೊದಲು ಲೀಕ್ ಟೆಸ್ಟ್ ಮಾಡಿಸಿ

ಜೆಟ್ ಮೇಲೇರಿದ ಮೇಲೆ ಕ್ಯಾಬಿನ್ ಒತ್ತಡ ನಿಧಾನವಾಗಿ ಇಳಿಯುತ್ತದೆ, ಔಟ್‌ಫ್ಲೋ ವಾಲ್ವ್ (ಕ್ಯಾಬಿನ್ ಗಾಳಿಯನ್ನು ಹೊರಬಿಡುವ ಕವಾಟ) ಬದಲಿಸಬೇಕಾ ಅಂತ ಕೇಳಿದ್ದೀರಿ. ಸುಮ್ನೆ ವಾಲ್ವ್ ಬಿಚ್ಚಬೇಡಿ. ಮೊದಲು ನೆಲದ ಮೇಲೆ ಲೀಕ್ ಟೆಸ್ಟ್ ಮಾಡಿಸಿ: ಮೇಂಟೆನೆನ್ಸ್ ಮ್ಯಾನುಯಲ್ ಹೇಳಿದಷ್ಟು ಒತ್ತಡ ತುಂಬಿಸಿ, ಅದು ಎಷ್ಟು ಬೇಗ ಇಳಿಯುತ್ತದೆ ಅಂತ ಅಳೆದರೆ ಗಾಳಿ ಸೋರುತ್ತಿದೆಯೋ ಅಥವಾ ಒತ್ತಡ ನಿಯಂತ್ರಿಸುವ ಕಂಟ್ರೋಲರ್ ಕೆಟ್ಟಿದೆಯೋ ಗೊತ್ತಾಗುತ್ತದೆ.

ಬಾಗಿಲಿನ ಸೀಲ್ ಕೈಯಾಡಿಸಿ ನೋಡಿ, ಗಟ್ಟಿಯಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ವಾಲ್ವ್ ಸೀಟ್ ಮೇಲೆ ಧೂಳು, ಸಿಗರೇಟ್ ಜಿಡ್ಡು ಕೂತರೂ ಅದು ಸರಿಯಾಗಿ ಮುಚ್ಚುವುದಿಲ್ಲ.

ಟೆಸ್ಟ್ ಮುಗಿದ ಮೇಲೆ ಒತ್ತಡ ನಿಯಂತ್ರಣದ ಸ್ವಿಚ್ ಆಟೋಗೆ ಮರಳಿದೆಯಾ ಅಂತ ಇಬ್ಬರು ನೋಡಲಿ. 2005ರ ಹೀಲಿಯೋಸ್ ಏರ್‌ವೇಸ್ ವಿಮಾನ ದುರಂತದಲ್ಲಿ (ಅದು ಬೋಯಿಂಗ್ 737, ಆದರೆ ಪಾಠ ಒಂದೇ ಅಲ್ವಾ) ಆ ಸ್ವಿಚ್ ಮ್ಯಾನುಯಲ್‌ನಲ್ಲೇ ಉಳಿದಿತ್ತು, 121 ಜನ ಸತ್ತರು.

ಕಾರಣ ಸಿಗುವವರೆಗೆ ದಯವಿಟ್ಟು ಹಾರಬೇಡಿ. 40,000 ಅಡಿಯಲ್ಲಿ ಒತ್ತಡ ಹೋದರೆ ಮಾಸ್ಕ್ ಹಾಕಲು ಸಿಗುವುದು 15-20 ಸೆಕೆಂಡ್ ಅಷ್ಟೇ.