ಸಾಬ್‌ಗೆ ಪ್ರಶ್ನೆ ಕಳಿಸಿ, ವರದಿ ಕಳಿಸ್ಬೇಡಿ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ ಬಂದ ಈ ಪತ್ರ ಓದಿದ ಮೇಲೆ ಎರಡು ದಿನ ಬೇರೆ ಪತ್ರ ತೆರೀಲಿಕ್ಕೇ ಮನಸ್ಸಾಗ್ಲಿಲ್ಲ. ಬರೆದವರು 17 ವರ್ಷ ಮಿಲಿಟರಿಯಲ್ಲಿದ್ದು ಹವಾಲ್ದಾರ್ ಆಗಿ ಪೆನ್ಶನ್ ಬಂದವರು, ಈಗ ಕನ್ನಡ ಪೇಪರೊಂದರ ವರದಿಗಾರ. ಮಿಲಿಟರಿಯ ಅಗ್ನಿವೀರ್ ಭರ್ತಿಗೆ ಕೋಚಿಂಗ್ ಕೊಡುವ ಸೆಂಟರ್ ಒಂದು 'ಸೆಲೆಕ್ಷನ್ ಗ್ಯಾರಂಟಿ' ಅಂತ ಹೇಳಿ ದುಡ್ಡು ತೆಗೊಂಡಿದೆ, ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಕೊಟ್ಟ ಅಪ್ಪ ಅಮ್ಮಂದಿರು ಇವರ ಹತ್ರ ಬಂದು ಅತ್ತಿದ್ದಾರೆ. ಸೆಂಟರ್ ಇವರದೇ ಯುನಿಟಿನ ಹಳೇ ಸುಬೇದಾರ್ ಸಾಬ್ ಅವರದ್ದು. ಸಂಪಾದಕರು ಬರೀರಿ ಅಂತಾರೆ, ಹೆಂಡತಿ ಬೇಡ ಅಂತಾರೆ. ಮಿಲಿಟರಿಯಲ್ಲಿದ್ದವ ಮಿಲಿಟರಿಯವರ ಬಗ್ಗೆ ಬರೆದ್ರೆ ಸರಿಯಾಗ್ತದಾ, ಇದು ಇವರ ಪ್ರಶ್ನೆ.

ಖಂಡಿತ ಸರಿಯಾಗ್ತದೆ. ಅಡಿಕೆ ತೋಟ ಇದ್ದವ ಅಡಿಕೆ ರೇಟಿನ ಬಗ್ಗೆ ಬರೆಯೋದಿಲ್ವಾ?

ಆದ್ರೆ ಪತ್ರದ ಕೊನೆಗೆ ದೊಡ್ಡದೇನಲ್ಲ ಅನ್ನೋ ಹಾಗೆ ಒಂದು ಸಾಲು ಉಂಟು: "ಇಂಥ ಸುದ್ದಿ ಇದ್ರೆ ಪ್ರಿಂಟಿಗೆ ಹೋಗುವ ಮೊದಲು ಸಾಬ್‌ಗೆ ವಾಟ್ಸಾಪ್ ಮಾಡಿ ಒಮ್ಮೆ ತೋರಿಸ್ತೇನೆ, ಹಳೇ ಅಭ್ಯಾಸ." ಮಾರಾಯ್ರೇ, ನಿಮ್ಮ ತೊಂದರೆ ಇರೋದು ನೀವು ಮಾಡಿದ ಸರ್ವಿಸ್‌ನಲ್ಲಲ್ಲ, ಇನ್ನೂ ಬಿಡದೆ ಇರೋ ಈ ಸರ್ವಿಸ್‌ನಲ್ಲಿ. ಯಾರ ಬಗ್ಗೆ ಸುದ್ದಿಯೋ ಅವರಿಗೆ ಪ್ರಶ್ನೆ ಕಳಿಸ್ಬೇಕು, ವರದಿ ಕಳಿಸ್ಬಾರ್ದು. ಇದನ್ನು ನಾನು ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೀತೇನೆ.

ನಿಮ್ಮ ಹೆಂಡತಿ ಹೆದರೋದು ನಂಗೆ ಅರ್ಥ ಆಗ್ತದೆ, ನಾಳೆ ಮಿಲಿಟರಿ ಕ್ಯಾಂಟೀನಿಗೆ ಹೋದ್ರೂ ಮಾಜಿ ಸೈನಿಕರ ಇಸಿಎಚ್‌ಎಸ್ ಕ್ಲಿನಿಕ್ಕಿಗೆ ಹೋದ್ರೂ ಅದೇ ಮುಖಗಳು. ಕೋಪ ಬಂದದ್ದು ಸಂಪಾದಕರ ಮೇಲೆ. ಹೆಸರಿನ ಕೆಳಗೆ 'ಮಾಜಿ ಯೋಧ' ಅಂತ ಹಾಕುವ, ಜನ ನಂಬ್ತಾರೆ ಅಂದ್ರಂತೆ. ಅದು ನಿಮ್ಮ ಯೂನಿಫಾರ್ಮ್ ಇಟ್ಟು ಪೇಪರ್ ಮಾರೋದು. ಓದುಗರಿಗೆ ಬೇಕಾದ ಸಾಲು ಬೇರೆ: ಈ ವರದಿಗಾರರೂ ಸೆಂಟರ್ ನಡೆಸುವವರೂ ಒಂದೇ ಯುನಿಟಿನಲ್ಲಿದ್ದವರು. ಅದನ್ನು ಹಾಕ್ಲಿಕ್ಕೆ ಹೇಳಿ, ಒಪ್ಪದಿದ್ರೆ ಸುದ್ದಿ ಬೇರೆ ವರದಿಗಾರರಿಗೆ ಕೊಡ್ಲಿ, ಆ ಮನೆಯವರು ಹೇಳಿದ್ದನ್ನೆಲ್ಲ ನೀವೇ ಕೂತು ಆ ವರದಿಗಾರರಿಗೆ ವಿವರಿಸಿ.

1923ರ ಅಫಿಶಿಯಲ್ ಸೀಕ್ರೆಟ್ಸ್ ಆಕ್ಟ್ ಪೆನ್ಶನ್ ಬಂದ ಮೇಲೂ ಅನ್ವಯ ಆಗ್ತದೆ ನಿಜ, ಯುನಿಟಿನ ಗುಟ್ಟು ಬರೀಬೇಡಿ. ಕೋಚಿಂಗ್ ಫೀಸು ಗುಟ್ಟಲ್ಲ. ನೀವು ಒಳಗಿದ್ದು ಬಂದವರು, ಗ್ಯಾರಂಟಿ ಅನ್ನೋದು ಯಾಕೆ ಸುಳ್ಳು ಅಂತ ಆ ಅಮ್ಮಂದಿರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. 2023ರಿಂದ ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ರ್‍ಯಾಲಿಯಲ್ಲಿ 1.6 ಕಿಲೋಮೀಟರ್ ಓಟ, ಮೆಡಿಕಲ್, ಮೆರಿಟ್ ಲಿಸ್ಟ್. ನಮ್ಮ ಜಿಲ್ಲೆಯದ್ದು ಕಲ್ಲಿಕೋಟೆ ರಿಕ್ರೂಟಿಂಗ್ ಆಫೀಸ್ ನೋಡೋದು, ರಿಟೈರ್ ಆದ ಸುಬೇದಾರ್ ಗ್ಯಾರಂಟಿ ಕೊಡೋದು ಎಲ್ಲಿಂದ? ಇಷ್ಟೆಲ್ಲ ಮಾಡಿ ಸೇರಿದ್ರೂ 4 ವರ್ಷ ಕಳೆದ ಮೇಲೆ ಉಳಿಸ್ಕೊಳ್ಳೋದು ಹೆಚ್ಚೆಂದ್ರೆ ನೂರರಲ್ಲಿ 25 ಜನರನ್ನ. ಇದನ್ನೂ ಬರೀರಿ, ಎಷ್ಟೋ ಮನೆಯಲ್ಲಿ ಇದು ಗೊತ್ತಿಲ್ಲ.

ಬೇರೆ ಎಂತ ಮಾಡದಿದ್ರೂ ಇದೊಂದು ಮಾಡಿ. ಇವತ್ತೇ ಫೋನ್ ಮಾಡಿ, "ಸಾಬ್, ಇನ್ನು ಬರೆದದ್ದು ತೋರಿಸೋದಿಲ್ಲ" ಅಂತ ಹೇಳಿ. ಹೇಳಿದ ಕೂಡ್ಲೇ ಫೋನ್ ಇಡ್ಬೇಡಿ, ಯಾರ್‍ಯಾರ ಹತ್ರ ಎಷ್ಟೆಷ್ಟು ತೆಗೊಂಡಿದ್ದೀರಿ, ರಸೀದಿ ಕೊಟ್ಟಿದ್ದೀರಾ ಅಂತ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರ್ಕೊಳ್ಳಿ.