ರಂಗತಂಡದ ಕೆಲಸದಲ್ಲಿ ಸುಸ್ತಾಗಿ ಹೋಗಿದ್ದೇನೆ. ನಾಟಕದ ಮೇಲಿನ ಪ್ರೀತಿಯೇ ಕಡಿಮೆಯಾಯಿತಾ? ಒಂದು ತಿಂಗಳು ರಜೆ ಹಾಕಿದರೆ ಸರಿಹೋಗುತ್ತಾ?

ಪ್ರೀತಿ ಎಲ್ಲೂ ಹೋಗಿಲ್ಲ. ನಿಮಗೆ ಸಂಬಳವೂ ಇಲ್ಲ, ನಿದ್ದೆಯೂ ಇಲ್ಲ. ರಜೆಯಿಂದ ಅದು ಸರಿಹೋಗಲ್ಲ.

ನಾನೂ ತುಮಕೂರಿನ ಒಂದು ತಂಡದಲ್ಲಿ ಪೂರ್ಣಾವಧಿ ಕಲಾವಿದೆಯಾಗಿದ್ದೆ. ಬೆಳಿಗ್ಗೆ ಶಾಲೆಗಳಿಗೆ ಫೋನ್ ಮಾಡಿ ಪ್ರದರ್ಶನ ಗೊತ್ತುಮಾಡುವುದು, ಮಧ್ಯಾಹ್ನ ಲೆಕ್ಕ ಬರೆಯುವುದು, ಸಂಜೆ ತಾಲೀಮು. ಪಾವಗಡದಲ್ಲಿ ನಾಟಕ ಮುಗಿದರೆ ಅರ್ಧಂಬರ್ಧ ಬಣ್ಣ ಒರೆಸಿಕೊಂಡು, ಸೆಟ್ಟು ಲೈಟು ಬಿಚ್ಚಿ ಟೆಂಪೋಗೆ ತುಂಬಬೇಕು. ಊರು ಸೇರುವಾಗ ಹಾಲಿನ ಗಾಡಿಗಳು ಓಡಾಡುತ್ತಿರುತ್ತಿದ್ದವು. ಹತ್ತಕ್ಕೆ ಮತ್ತೆ ಆಫೀಸು.

ಇಷ್ಟನ್ನೂ ತಡೆದುಕೊಳ್ಳಬಹುದಿತ್ತು. ನನ್ನನ್ನು ಮುಳುಗಿಸಿದ್ದು ವೋಚರ್, ಅಂದರೆ ಹಣ ಪಡೆದೆ ಅಂತ ಸಹಿ ಹಾಕಿಕೊಡುವ ಚೀಟಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನದಲ್ಲಿ, ಅಂದರೆ ಪೂರ್ಣಾವಧಿ ತಂಡಗಳಿಗೆ ಕೊಡುವ ನೆರವಿನಲ್ಲಿ, ಆಗ ಗುರುವಿಗೆ (ತಂಡಕ್ಕೆ ಕಲಿಸಿ ನಡೆಸುವವರಿಗೆ) ತಿಂಗಳಿಗೆ 10,000, ಕಲಾವಿದರಿಗೆ 6,000 ರೂಪಾಯಿ ಇತ್ತು. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡಡ್ಡ ಸಹಿ ಹಾಕಿ ಅಷ್ಟನ್ನೂ ಪಡೆದೆ ಅಂತ ಒಪ್ಪುತ್ತಿದ್ದೆ. ಆಮೇಲೆ ಅರ್ಧ ಹಣ ನಗದಾಗಿ ತಂಡಕ್ಕೆ ವಾಪಸ್, 'ದೇಣಿಗೆ' ಅಂತ. ಬಾಡಿಗೆ, ಡೀಸೆಲ್ ಅದರಲ್ಲೇ ನಡೆಯಬೇಕು ಅಂದರು. ಎಲ್ಲರೂ ಕೊಟ್ಟರು, ನಾನೂ ಕೊಟ್ಟೆ. ರಸೀದಿ ಕೇಳಲಿಲ್ಲ.

ಅದು ಎಂಥ ತಪ್ಪು ಅಂತ ಬಿಡಿಸಿ ಹೇಳಲೇಬೇಕು. ಕಾಗದದ ಪ್ರಕಾರ ನನಗೆ ಪೂರ್ತಿ ದುಡ್ಡು ಸಂದಿದೆ. ತಂಡಕ್ಕೆ ಬಾಡಿಗೆಗೂ ಹಣವಿಲ್ಲ ಅನ್ನುವುದು ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ. ಕಾಣಿಸದ ಕೊರತೆ ತುಂಬಲು ಯಾರು ಓಡಾಡುತ್ತಾರೆ? ಟಿಕೆಟ್ ದರ ಏರಲಿಲ್ಲ, ದಾನಿಗಳನ್ನು ಹುಡುಕಲಿಲ್ಲ, ಪ್ರದರ್ಶನ ಮಾತ್ರ ಜಾಸ್ತಿಯಾದವು. ಅಪ್ಪನ ಆಪರೇಷನ್‌ಗೆ ಹಣ ಕೇಳಿದಾಗ ನನ್ನ ಸಹಿಗಳನ್ನೇ ತೋರಿಸಿ "ನಿಮ್ಮದೆಲ್ಲ ಚುಕ್ತಾ ಆಗಿದೆ" ಅಂದರು. ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮಾತು ಕಂಠಪಾಠ ಇದ್ದ ಪಾತ್ರವೂ ಬಾಯಿಗೆ ಬರುತ್ತಿರಲಿಲ್ಲ.

ಬರ್ನ್‌ಔಟ್ ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗ ಅಂತ ಕರೆಯಲಿಲ್ಲ. ಕೆಲಸದ ಜಾಗದ ಒತ್ತಡ ಸರಿಯಾಗಿ ನಿಭಾಯಿಸದೆ ಹೋದಾಗ ಬರುವ ಸ್ಥಿತಿ ಅಂದಿತು. ಹಾಗಾಗಿ ನಿಮ್ಮ ಮನಸ್ಸಿನಲ್ಲಿ ದೋಷ ಹುಡುಕಬೇಡಿ. ಸೇವೆ ಅಂದ ಮೇಲೆ ದುಡ್ಡಿನ ಮಾತೇಕೆ ಅನ್ನುವವರನ್ನು ನಂಬಲೂ ಬೇಡಿ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ಟಿಕೆಟ್ ಮಾರಿ, ಊರೂರು ಸುತ್ತಿ, ದೊಡ್ಡ ಸಂಸಾರವನ್ನೇ ಸಾಕಿದ ಕಂಪನಿ ಅದು. ನಾಟಕ ಮಾಡಿ ಊಟ ಮಾಡುವುದು ಇಲ್ಲಿ ಯಾವತ್ತೂ ಅವಮಾನದ ಕೆಲಸ ಆಗಿರಲಿಲ್ಲ.

ರಜೆ ಅರ್ಜಿ ಬರೆಯಬೇಡಿ. ನಿಮ್ಮ ಕೆಲಸ ಏನು, ಸಂಬಳ ಎಷ್ಟು, ರಾತ್ರಿ ಪ್ರದರ್ಶನದ ಮರುದಿನ ಬಿಡುವು ಇದೆಯಾ, ಇವಿಷ್ಟನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ನಾನು ಈಗ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ, ಭಾನುವಾರ ಹವ್ಯಾಸಿ ತಂಡದಲ್ಲಿ ಪಾತ್ರ ಮಾಡುತ್ತೇನೆ. ನೀವೂ ಹಣ ವಾಪಸ್ ಕೊಡುತ್ತಿದ್ದರೆ ಇನ್ನು ಮೇಲೆ ಬ್ಯಾಂಕ್ ಮೂಲಕವೇ ಕೊಡಿ, ರಸೀದಿ ಪಡೆಯಿರಿ. ಹಿಂದೆ ಕೊಟ್ಟದ್ದಕ್ಕೂ ಇವತ್ತೇ ಬರೆಸಿಕೊಳ್ಳಿ.